ಸಂತೋಷಾ, ಡಿಪಿಎಫ್ ಈಗಲೇ ಬದಲಿಸಬೇಡ

ಸಂತೋಷಾ, ನೀನು ಗ್ರೂಪಲ್ಲಿ ಹಾಕಿದ ಫೋಟೋ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯೋದಿಲ್ಲ, ಅದಕ್ಕೆ ಮಾತಲ್ಲೇ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳು. ಉಳಿದವರಿಗೂ ಗೊತ್ತಿರಲಿ: ಇವನು ಮಂಗಳೂರಲ್ಲಿ ಲೋಡ್ ಮಾಡಿಕೊಂಡು ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತುವ ಹೊತ್ತಿಗೆ ಹಳದಿ ಚೆಕ್ ಲೈಟ್ ಬಂದಿದೆ. ಪಿಕಪ್ ಇಲ್ಲ. ಬಿಎಸ್6 ಗಾಡಿ, ಅಂದರೆ ಈಗಿನ ಹೊಗೆ ನಿಯಮದ ಡೀಸೆಲ್ ಲಾರಿ. ದಾರಿಯ ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದರೆ ಎರಡು ಕೋಡ್ ಬಂದಿವೆ, ಪಿ0299 ಮತ್ತು ಪಿ2463. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಹೋಗಿದೆ, ಹೊಸದು ಹಾಕಿಸಿ ಅಂದಿದ್ದಾರೆ.

ಈಗಲೇ ಹಾಕಿಸಬೇಡ ಮಾರಾಯಾ. ಪಿ2463 ಅಂದರೆ ಡಿಪಿಎಫ್ ಒಳಗೆ ಮಸಿ ಜಾಸ್ತಿ ತುಂಬಿದೆ ಅಂತ ಅಷ್ಟೇ. ಡಿಪಿಎಫ್ ಕೆಟ್ಟಿದೆ ಅಂತ ಅದು ಹೇಳುತ್ತಿಲ್ಲ. ಪಿ0299 ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೊಡಬೇಕಾದಷ್ಟು ಒತ್ತಡ ಬರುತ್ತಿಲ್ಲ ಅಂತ. ನನಗೆ ಅನುಮಾನ ಇರೋದು ಇದರ ಮೇಲೆ. ಟರ್ಬೊದಿಂದ ಎಂಜಿನ್‌ಗೆ ಹೋಗುವ ಗಾಳಿ ಎಲ್ಲಾದರೂ ಸೋರಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಜಾಸ್ತಿ ಆಗುತ್ತದೆ. ಹಳೇ ಬಿಎಸ್3 ಲಾರಿಯಲ್ಲಾದರೆ ಸೈಲೆನ್ಸರಿಂದ ಕಪ್ಪು ಹೊಗೆ ಬರುತ್ತಿತ್ತು. ಹಿಂದೆ ಬರುವ ಬೈಕಿನವನು ಬೈದುಕೊಂಡು ಹೋಗುತ್ತಿದ್ದ, ನಮಗೂ ಗೊತ್ತಾಗುತ್ತಿತ್ತು. ಈಗಿನ ಗಾಡಿಯಲ್ಲಿ ಆ ಹೊಗೆ ಹೊರಗೇ ಬರುವುದಿಲ್ಲ. ಡಿಪಿಎಫ್ ಎಲ್ಲವನ್ನೂ ಒಳಗೇ ಹಿಡಿದಿಟ್ಟುಕೊಂಡು ಕೊನೆಗೆ ತಾನೇ ಕಟ್ಟಿಕೊಳ್ಳುತ್ತದೆ. ಸೋರಿಕೆ ಹಾಗೇ ಬಿಟ್ಟು ಹೊಸದು ಹಾಕಿಸಿದರೆ ಅದೂ ಕಟ್ಟಿಕೊಳ್ಳುತ್ತದೆ, ಅಲ್ವಾ?

ಉಲ್ಟಾ ಆಗುವುದೂ ಉಂಟು. ಡಿಪಿಎಫ್ ತೀರಾ ಕಟ್ಟಿದ್ದರೆ ಎಕ್ಸಾಸ್ಟ್ ಹೋಗಲು ದಾರಿ ಇಲ್ಲದೆ ಟರ್ಬೊ ಒತ್ತಡ ಬೀಳುತ್ತದೆ. ಅದಕ್ಕೇ ಸ್ಕ್ಯಾನರಲ್ಲಿ ಫ್ರೀಜ್ ಫ್ರೇಮ್ ತೆಗೆಸು. ಲೈಟ್ ಬಂದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟಿತ್ತು ಅಂತ ಅದರಲ್ಲಿ ಇರುತ್ತದೆ. ಯಾವ ಕೋಡಿನ ಹೆಸರಲ್ಲಿ ಅದು ಕೂತಿದೆ ನೋಡು, ಸಾಮಾನ್ಯವಾಗಿ ಅದೇ ಮೊದಲು ಬಂದದ್ದು. ಬ್ಯಾಟರಿ ವೈರ್ ಬಿಚ್ಚಿ ಲೈಟ್ ಆರಿಸುತ್ತೇವೆ ಅಂದರೆ ಬೇಡ ಅನ್ನು. ಲೈಟೇನೋ ಆರಬಹುದು, ಈ ಮಾಹಿತಿಯೂ ಅದರ ಜೊತೆಗೇ ಹೋಗಬಹುದು.

ಆಮೇಲೆ ಎಂಜಿನ್ ಪೂರ್ತಿ ತಣ್ಣಗಾಗಲಿ, ಕ್ಯಾಬಿನ್ ಎತ್ತು. ಟರ್ಬೊದಿಂದ ಆ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಬರುವ ದಪ್ಪ ಹೋಸ್‌ಗಳನ್ನು ಟಾರ್ಚ್ ಹಿಡಿದು ನೋಡು. ಕ್ಲಾಂಪ್ ಹತ್ತಿರ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಅಂಟಿದ್ದರೆ ಗಾಳಿ ಅಲ್ಲೇ ಸೋರುತ್ತಿದೆ ಅಂತ ಲೆಕ್ಕ. ಹೋಸಿನ ಅಡಿಭಾಗವನ್ನು ಕೈಯಲ್ಲಿ ಹಿಂಡಿ ನೋಡು, ಸೀಳು ಮೇಲಿನಿಂದ ಕಾಣುವುದಿಲ್ಲ. ಘಾಟ್ ಹತ್ತುವಾಗ ಸೀಟಿ ಹೊಡೆದ ಹಾಗೆ ಶಬ್ದ ಬರುತ್ತಿತ್ತಾ? ಬರುತ್ತಿದ್ದರೆ ಅದೂ ಅದರದ್ದೇ. ಏರ್ ಫಿಲ್ಟರನ್ನೂ ಒಮ್ಮೆ ಹೊರಗೆ ತೆಗಿ. ಇದಕ್ಕೆಲ್ಲ ಸ್ಪ್ಯಾನರ್ ಸಾಕು, ಬಿಡಿಭಾಗಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹೋಸ್ ಚೆನ್ನಾಗಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆಯಾ ನೋಡಬೇಕು. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ, ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ರೀಡಿಂಗ್ ತೆಗೆಸು. ಹೊರಗಿನ ಗಾಳಿಯ ಒತ್ತಡವನ್ನೇ ಅದು ತೋರಿಸಬೇಕು. ಮಂಗಳೂರಲ್ಲಿ ಸುಮಾರು 101 ಕಿಲೋಪಾಸ್ಕಲ್, ನೀನೀಗ ಇರುವ ಸಕಲೇಶಪುರದ ಎತ್ತರದಲ್ಲಿ 90ರ ಆಸುಪಾಸು. ಅಲ್ಲಿ 60, 70 ಅಂತ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರಿಂಗ್ ನೋಡಬೇಕು. ಡಿಪಿಎಫ್‌ನ ಎರಡೂ ಕಡೆಯ ಒತ್ತಡದ ವ್ಯತ್ಯಾಸ ಅಳೆಯುವ ಡಿಫರೆನ್ಷಿಯಲ್ ಪ್ರೆಶರ್ ಸೆನ್ಸರ್ ಕೂಡ ಹಾಗೇ, ಎಂಜಿನ್ ಆಫ್ ಇದ್ದಾಗ ಸೊನ್ನೆಯ ಹತ್ತಿರ ಇರಬೇಕು. ಅದಕ್ಕೆ ಹೋಗುವ ಸಣ್ಣ ಪೈಪ್‌ಗಳು ಒಡೆದಿದ್ದರೂ, ಕಟ್ಟಿದ್ದರೂ ಲೆಕ್ಕವೆಲ್ಲ ತಪ್ಪುತ್ತದೆ.

ಗಿರೀಶ್ ಭಾವ ಟ್ಯಾಂಕ್ ಮುಚ್ಚಳ ಬಿಗಿ ಮಾಡು ಅಂದಿದ್ದಾರೆ. ಭಾವ, ಬೇಜಾರಾಗಬೇಡಿ, ಅದು ಪೆಟ್ರೋಲ್ ಗಾಡಿಯ ವಿಷಯ. ಟ್ಯಾಂಕಿನ ಆವಿ ಸೋರಿದರೆ ಅದರಲ್ಲಿ ಚೆಕ್ ಲೈಟ್ ಬರುತ್ತದೆ. ಡೀಸೆಲ್ ಲಾರಿಗೆ ಆ ವ್ಯವಸ್ಥೆಯೇ ಇಲ್ಲ. ಯೂರಿಯಾ, ಅಂದರೆ ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಡಿಇಎಫ್ ದ್ರವ, ಖಾಲಿಯಾಗಿರಬೇಕು ಅಂತ ಇನ್ನೊಬ್ಬರು ಬರೆದಿದ್ದಾರೆ. ಈ ಎರಡು ಕೋಡ್‌ಗಳಿಗೂ ಯೂರಿಯಾಗೂ ಸಂಬಂಧ ಇಲ್ಲ. ಹಾಗಂತ ಗೊಬ್ಬರದ ಯೂರಿಯಾ ಕದಡಿ ಮಾತ್ರ ಹಾಕಬೇಡಿ ಯಾರೂ. ಡಿಇಎಫ್‌ನಲ್ಲಿ 32.5 ಪರ್ಸೆಂಟ್ ಶುದ್ಧ ಯೂರಿಯಾ ಇರುತ್ತದೆ, ಹೊಲದ್ದು ಹಾಕಿದರೆ ಅದನ್ನು ಚಿಮುಕಿಸುವ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ.

ಸೋರಿಕೆ ಸಿಕ್ಕಿ, ಸರಿ ಮಾಡಿಸಿದ ಮೇಲೆ ರೀಜೆನ್, ಅಂದರೆ ಡಿಪಿಎಫ್ ಬಿಸಿ ಮಾಡಿ ಒಳಗಿನ ಮಸಿ ಸುಡುವುದು. ಅದಕ್ಕೆ ಮೊದಲು ಬೇಡ, ಕೆಲವು ಕೋಡ್ ಇದ್ದರೆ ಗಾಡಿ ರೀಜೆನ್ ಮಾಡಲು ಒಪ್ಪುವುದೂ ಇಲ್ಲ. ಮಸಿ ಎಷ್ಟು ತುಂಬಿದೆ ಅಂತ ಮೊದಲು ಸ್ಕ್ಯಾನರಲ್ಲಿ ನೋಡಿಸು. ಕಂಪನಿ ಹೇಳಿದ ಮಿತಿ ದಾಟಿದ್ದರೆ ರೀಜೆನ್ ಮಾಡಿಸಬೇಡ, ಅಷ್ಟೊಂದು ಮಸಿ ಒಟ್ಟಿಗೆ ಉರಿದರೆ ಫಿಲ್ಟರ್ ಸೀಳುತ್ತದೆ. ಬಿಚ್ಚಿ ಕ್ಲೀನ್ ಮಾಡಿಸಬೇಕಾಗುತ್ತದೆ. ನಿಲ್ಲಿಸಿ ಮಾಡಿಸುವಾಗ ಒಣ ಹುಲ್ಲು, ಎಲೆ ಇರುವ ಕಡೆ ನಿಲ್ಲಿಸಬೇಡ. ಡಿಪಿಎಫ್ ಒಳಗೆ 600 ಡಿಗ್ರಿ ಹತ್ತಿರ ಬಿಸಿ ಇರುತ್ತದೆ. ಅರ್ಧಕ್ಕೆ ಎಂಜಿನ್ ಆಫ್ ಮಾಡಬೇಡ. ಡಿಪಿಎಫ್ ತೆಗೆದು ಖಾಲಿ ಪೈಪ್ ಹಾಕಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಆ ಮಾತೇ ಎತ್ತಬೇಡ.

ಹಳದಿ ಲೈಟ್ ಒಂದೇ ಇದ್ದರೆ ನಿಧಾನಕ್ಕೆ ಹಾಸನದವರೆಗೆ ಬರಬಹುದು. ಆಯಿಲ್ ಪ್ರೆಶರಿನದ್ದೋ ಟೆಂಪರೇಚರಿನದ್ದೋ ಕೆಂಪು ಬಂದರೆ ಅಲ್ಲೇ ಸೈಡಿಗೆ ಹಾಕಿ ಆಫ್ ಮಾಡು, ಲೋಡಿನವರಿಗೆ ನಾನು ಫೋನ್ ಮಾಡುತ್ತೇನೆ. ಈಗ ಫ್ರೀಜ್ ಫ್ರೇಮಿನ ಫೋಟೋ ಕಳಿಸು. ಗ್ಯಾರೇಜಿನವರಿಗೆ ಅಡ್ವಾನ್ಸ್ ಏನಾದರೂ ಕೊಟ್ಟಿದ್ದೀಯಾ, ಅದನ್ನೂ ಹೇಳು.