1911ರ ಜನಗಣತಿಯಲ್ಲಿ ಮುತ್ತಜ್ಜನ ಹೆಸರು ಸಿಗುತ್ತಾ?

ಕಾಫಿಹೂ (ಕುಶಾಲನಗರ):

ಎಲ್ಲರಿಗೂ ನಮಸ್ಕಾರ. ನನ್ನ ಚಿಕ್ಕಪ್ಪನ ಮಗ ಲಂಡನ್‌ನಲ್ಲಿದ್ದಾನೆ, ಹೆಂಡತಿ ಅಲ್ಲಿಯವಳೇ. ಹೋದ ತಿಂಗಳು ವಾಟ್ಸ್‌ಆ್ಯಪ್‌ನಲ್ಲಿ ಒಂದು ಹಾಳೆಯ ಫೋಟೊ ಕಳಿಸಿದ. 1911ರಲ್ಲಿ ಅಲ್ಲಿ ನಡೆದ ಜನಗಣತಿಯ ಹಾಳೆ ಅದು. ಅವಳ ಮುತ್ತಜ್ಜ ಸ್ವಂತ ಕೈಯಲ್ಲಿ ತುಂಬಿದ್ದು. ಆ ರಾತ್ರಿ ಮನೆಯಲ್ಲಿ ಯಾರ್ಯಾರಿದ್ದರು, ವಯಸ್ಸೆಷ್ಟು, ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ಎಲ್ಲ ಇದೆ. ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು. "ನಮ್ಮ ಕಡೆಯದ್ದೂ ಹುಡುಕು, ಕೊಡಗು ಆಗ ಬ್ರಿಟಿಷರ ಕೈಯಲ್ಲೇ ಇತ್ತಲ್ಲ, ಇದ್ದೇ ಇರುತ್ತೆ" ಅಂದ.

ನಮ್ಮ ಮುತ್ತಜ್ಜ, ಅಂದರೆ ಅಜ್ಜನ ಅಪ್ಪ, ಪುತ್ತೂರು ಕಡೆಯಿಂದ ಘಟ್ಟ ಹತ್ತಿ ಬಂದವರಂತೆ. ಪಾಲಿಬೆಟ್ಟದ ಹತ್ತಿರ ದೊರೆಗಳ ಕಾಫಿ ತೋಟದಲ್ಲಿ ರೈಟ್ರು, ಅಂದರೆ ಲೆಕ್ಕ ಬರೆಯುವವರಾಗಿದ್ದರು. ಬಂದದ್ದು 1910ರ ಆಸುಪಾಸು ಇರಬೇಕು. ಮನೆಯಲ್ಲಿ ತುಳು ಮಾತಾಡುತ್ತೇವೆ. ಅವರ ಹೆಸರು ಗೊತ್ತು, ಅಷ್ಟೇ. ಊರು ಯಾವುದು, ಒಬ್ಬರೇ ಬಂದರಾ, ಮುತ್ತಜ್ಜಿಯನ್ನು ಕರಕೊಂಡೇ ಬಂದರಾ, ಒಂದೂ ಗೊತ್ತಿಲ್ಲ. ಅಜ್ಜ ಇರುವಾಗ ಕೇಳಬೇಕಿತ್ತು, ಆಗ ನನಗೆ ಇದೆಲ್ಲ ಬೇಡವಾಗಿತ್ತು.

ಒಂದು ಕಚೇರಿಗೆ ಹೋಗಿ "1911ರ ಜನಗಣತಿ ದಾಖಲೆ ನೋಡಬಹುದಾ" ಅಂತ ಕೇಳಿದೆ. ಅಲ್ಲಿದ್ದವರು ಕನ್ನಡಕ ತೆಗೆದು ನನ್ನನ್ನೇ ನೋಡಿ "ಜಾಗದ ತಕರಾರಾ ಮೇಡಂ?" ಅಂದರು. ಸುಮ್ನೆ ವಾಪಸ್ ಬಂದೆ. ಯಾರಿಗಾದರೂ ದಾರಿ ಗೊತ್ತಾ?

ಹಳೇ ಮೇಷ್ಟ್ರು (ಮಡಿಕೇರಿ):

ತಂಗೀ, ಮೊದಲು ಬೇಸರದ ವಿಷಯ ಹೇಳಿಬಿಡುತ್ತೇನೆ. ಸಿಗುವುದಿಲ್ಲ. ನಾನು 1991 ಮತ್ತು 2001ರಲ್ಲಿ ಗಣತಿದಾರನಾಗಿ ಮನೆ ಮನೆ ಸುತ್ತಿದವನು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ನಾವು ಹೆಸರು ಬರೆಯುತ್ತೇವೆ ನಿಜ. ಆದರೆ ಸರಕಾರಕ್ಕೆ ಬೇಕಾದದ್ದು ಲೆಕ್ಕ, ಹೆಸರಲ್ಲ. ಕೂಡಿಸಿ ಕಳೆದು ಪಟ್ಟಿ ಆದ ಮೇಲೆ ಆ ಹಾಳೆಗಳನ್ನು ನಾಶ ಮಾಡುತ್ತಾರೆ. ಜೊತೆಗೆ 1948ರ ಜನಗಣತಿ ಕಾಯ್ದೆ ಇದೆ, ಅದರ 15ನೇ ಸೆಕ್ಷನ್ ಪ್ರಕಾರ ಆ ಹಾಳೆಯನ್ನು ಯಾರೂ ಕೇಳಿ ನೋಡುವ ಹಾಗಿಲ್ಲ, ಕೋರ್ಟಿನಲ್ಲಿ ಸಾಕ್ಷಿ ಅಂತ ಹಾಜರುಪಡಿಸುವ ಹಾಗೂ ಇಲ್ಲ. ಇಂಗ್ಲೆಂಡಿನಲ್ಲಿ 100 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರೆ. 1921ರದ್ದು 2022ರ ಜನವರಿಯಲ್ಲಿ ತೆರೆದರು. ಅಮೆರಿಕದಲ್ಲಿ 72 ವರ್ಷಕ್ಕೇ ತೆರೆಯುತ್ತಾರೆ. ನಮ್ಮಲ್ಲಿ ತೆರೆಯಲಿಕ್ಕೆ ಏನೂ ಉಳಿದಿರುವುದಿಲ್ಲ. (ಇಂಗ್ಲೆಂಡಿನದ್ದೂ ಎಲ್ಲ ಉಳಿದಿಲ್ಲ ಬಿಡಿ, 1931ರ ಹಾಳೆಗಳು 1942ರಲ್ಲಿ ಬೆಂಕಿಗೆ ಹೋದವು.)

1911ರಲ್ಲಿ ಇಲ್ಲಿ ಹೇಗೆ ಮಾಡಿದರು ಅಂತ ಕೇಳಿದರೆ ನಿಮಗೆ ಇನ್ನೂ ಹೊಟ್ಟೆ ಉರಿಯಬಹುದು. ಮಾರ್ಚ್ 10ರ ರಾತ್ರಿ, ಇಡೀ ದೇಶಕ್ಕೆ ಒಂದೇ ರಾತ್ರಿ. ಮೊದಲೇ ಬರೆದಿಟ್ಟ ಪಟ್ಟಿ ಹಿಡಿದು ಆ ರಾತ್ರಿ ಮತ್ತೆ ಹೋಗಿ, ಸತ್ತವರ ಹೆಸರು ಹೊಡೆದುಹಾಕಿ, ಹುಟ್ಟಿದವರನ್ನೂ ಬಂದ ನೆಂಟರನ್ನೂ ಸೇರಿಸಬೇಕಿತ್ತು. ಆಮೇಲೆ ಪುಸ್ತಕದಿಂದ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಬರೆದು, ಅದನ್ನು ಗೂಡುಗೂಡಾಗಿ ವಿಂಗಡಿಸಿ ಎಣಿಸಿದರು. ಅಂದರೆ ನಿಮ್ಮ ಮುತ್ತಜ್ಜ ಆ ರಾತ್ರಿ ಪಾಲಿಬೆಟ್ಟದಲ್ಲಿ ಇದ್ದಿದ್ದರೆ ಅವರ ಪಾಲಿನ ಒಂದು ಚೀಟಿ ಖಂಡಿತ ಇತ್ತು. ಈ ಒಂದೇ ರಾತ್ರಿಯ ಪದ್ಧತಿ 1931ರವರೆಗೂ ನಡೆಯಿತು, 1941ರಲ್ಲಿ ಬಿಟ್ಟರು. ನಮ್ಮ ಕಾಲಕ್ಕೆ ಮನೆ ಇಲ್ಲದವರನ್ನು ಮಾತ್ರ ಫೆಬ್ರವರಿ 28ರ ರಾತ್ರಿ ಎಣಿಸುವುದು ಉಳಿದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಟಾರ್ಚ್ ಹಿಡಿದು ಮಲಗಿದವರನ್ನು ಎಬ್ಬಿಸಿದ್ದೇನೆ, ಬೈಸಿಕೊಂಡಿದ್ದೇನೆ. ತೋಟದ ಕೂಲಿಯವರ ಲೈನ್ ಮನೆಗಳಿಗಂತೂ ಹಗಲು ಹೋದರೆ ಪ್ರಯೋಜನವೇ ಇಲ್ಲ, ಫೆಬ್ರವರಿಯಲ್ಲಿ ಎಲ್ಲರೂ ರೋಬಸ್ಟಾ ಕೊಯ್ಲಿನಲ್ಲಿ ಇರುತ್ತಾರೆ. ಸಂಜೆ ಒಲೆ ಹೊಗೆ ಕಾಣಿಸಿದ ಮೇಲೆ ಹೋಗಬೇಕು.

ಉಳಿದಿರುವುದು ಅಚ್ಚಾದ ವರದಿಗಳು. ಅವು ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲೇ ಬಿಟ್ಟಿ ಸಿಗುತ್ತವೆ. ಕೊಡಗು ಆಗ ಪ್ರತ್ಯೇಕ ಪ್ರಾಂತ್ಯ, ಹಾಗಾಗಿ ನಮ್ಮದೇ ಪಟ್ಟಿಗಳಿವೆ. ಜನಸಂಖ್ಯೆ 1901ರಲ್ಲಿ 1,80,607. 1911ಕ್ಕೆ 1,74,976. 1921ಕ್ಕೆ, ಇನ್‌ಫ್ಲುಯೆಂಜಾ ಬಂದು ಹೋದ ಮೇಲೆ, 1,63,838. ಜನ ಕಡಿಮೆಯಾಗುತ್ತಿದ್ದ ಸೀಮೆಗೆ ನಿಮ್ಮ ಮುತ್ತಜ್ಜ ಬಂದಿದ್ದಾರೆ ನೋಡಿ! ಹುಟ್ಟಿದ ಜಿಲ್ಲೆಯ ಪಟ್ಟಿಯನ್ನೂ ನೋಡಿ. ಹೊರಗೆ ಹುಟ್ಟಿ ಕೊಡಗಿನಲ್ಲಿದ್ದವರಲ್ಲಿ ದಕ್ಷಿಣ ಕನ್ನಡದವರು ಎಷ್ಟು, ಮೈಸೂರಿನವರು ಎಷ್ಟು ಅಂತ ಇರುತ್ತದೆ. ಅದರಲ್ಲಿ ಒಂದು ತಲೆ ನಿಮ್ಮದು. ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳಬೇಕು.

ಕಿಗ್ಗಟ್ಟುನಾಡು (ಪೊನ್ನಂಪೇಟೆ):

ಮೇಷ್ಟ್ರು ಹೇಳಿದ್ದು ಸರಿ. ಜನಗಣತಿ ಬಿಡಿ, ಕಂದಾಯದ ಕಡೆ ಹೋಗಿ. ತಲೆ ಎಣಿಸಿದವರು ಹೆಸರು ಮರೆಯುತ್ತಾರೆ, ಕಂದಾಯ ವಸೂಲಿ ಮಾಡಿದವರು ಮರೆಯುವುದಿಲ್ಲ.

ನಮ್ಮ ಒಕ್ಕದ (ಕೊಡವರಲ್ಲಿ ಒಂದೇ ಮೂಲದ ಮನೆತನ) ವಂಶವೃಕ್ಷ ನಾನೇ ಕೂತು ಬರೆದೆ, ಮೂರು ವರ್ಷ ಹಿಡಿಯಿತು. ಕೊಡವ ಕುಟುಂಬಗಳ ಹಾಕಿ ಆಟದ ಪಂದ್ಯಕ್ಕೆ ಟೀಮ್ ಕಟ್ಟುವಾಗ "ಇವನು ನಮ್ಮ ಒಕ್ಕದವನು ಹೌದಾ" ಅಂತ ಜಗಳ ಬಂತು, ಅಲ್ಲಿಂದ ಶುರು. ಜಮ್ಮಾ ಜಾಗದ, ಅಂದರೆ ಒಕ್ಕಕ್ಕೆ ತಲೆತಲಾಂತರದಿಂದ ಬಂದ ಜಾಗದ, ಆರ್‌ಟಿಸಿಯಲ್ಲಿ ನಮ್ಮ ಪಟ್ಟೆದಾರ (ಒಕ್ಕದ ಯಜಮಾನ) ಅಜ್ಜನ ಹೆಸರು ಇನ್ನೂ ಇದೆ, ಅವರು ತೀರಿಕೊಂಡು 70 ವರ್ಷ ಆಯಿತು. ಬ್ಯಾಂಕಿನಲ್ಲಿ ಸಾಲ ಕೇಳಲಿಕ್ಕೆ ಹೋದಾಗ ಇದೇ ದೊಡ್ಡ ತಲೆನೋವು. ವಂಶ ಹುಡುಕಲಿಕ್ಕೆ ಮಾತ್ರ ಚಿನ್ನ. ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿ ನಕಲಿಗೆ ಅರ್ಜಿ ಕೊಡಿ, ಹಳೆಯ ಮ್ಯುಟೇಷನ್ ರಿಜಿಸ್ಟರ್ ಕೇಳಿ. ಪೌತಿ ಖಾತೆ ಆಗಿದ್ದರೆ ಅಲ್ಲಿ ಯಾರು ಯಾವಾಗ ಸತ್ತರು, ವಾರಸುದಾರರು ಯಾರ್ಯಾರು ಅಂತ ಸಾಲಾಗಿ ಸಿಗುತ್ತದೆ. ಈಗ ತಾಲೂಕು ಐದಾಗಿವೆ, ನಿಮ್ಮ ಗ್ರಾಮ ಮೊದಲು ಯಾವುದಕ್ಕೆ ಸೇರಿತ್ತು ಅಂತ ತಿಳಕೊಂಡು ಹೋಗಿ. ಇಲ್ಲದಿದ್ದರೆ ಪೊನ್ನಂಪೇಟೆ, ವಿರಾಜಪೇಟೆ ಅಂತ ಎರಡು ಕಡೆ ಬಸ್ ಚಾರ್ಜ್ ದಂಡ.

ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ನಮ್ಮಲ್ಲಿ ನಾಲ್ಕು ತಲೆಮಾರಿನಲ್ಲಿ ಮೂರು ಜನ ಮುದ್ದಪ್ಪ. ನಾನು ಎರಡು ವರ್ಷ ಇಬ್ಬರನ್ನು ಒಬ್ಬನೇ ಅಂದುಕೊಂಡು 110 ವರ್ಷ ಬದುಕಿಸಿದ್ದೆ. ಇನ್ನು ಹೆಣ್ಣುಮಕ್ಕಳು. ಒಕ್ಕದ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ. ಅದಕ್ಕೆ ನಮ್ಮ ಅರುವ ಮನೆಯ ಹಿರಿಯರು ಸಹಾಯ ಮಾಡಿದರು. ಮದುವೆಯಲ್ಲಿ ಸಂಬಂಧ ಕೊಡುವಾಗ ಮಾತಾಡುವವರು ಅರುವ ತಾನೇ, ಯಾವ ಹುಡುಗಿ ಯಾವ ಮನೆಗೆ ಹೋದಳು ಅಂತ ಅವರಿಗೆ ಬಾಯಿಪಾಠ.

ಕಾಫಿಹೂ:

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಆ ಚೀಟಿಯ ವಿಷಯ ಓದಿ ನಿಜವಾಗಿಯೂ ಹೊಟ್ಟೆ ಉರಿಯಿತು.

ಕಿಗ್ಗಟ್ಟುನಾಡು ಅಣ್ಣಾ, ನೀವು ಹೇಳಿದ್ದೆಲ್ಲ ಚೆನ್ನಾಗಿದೆ, ಆದರೆ ನಮಗೆ ಒಕ್ಕವೂ ಇಲ್ಲ, ಒಕ್ಕದ ಹಿರಿಮನೆ ಅನ್ನುವ ಐನ್‌ಮನೆಯೂ ಇಲ್ಲ, ಜಮ್ಮಾ ಜಾಗವಂತೂ ಇಲ್ಲವೇ ಇಲ್ಲ. ಮುತ್ತಜ್ಜ ಸಾಯುವವರೆಗೂ ಇದ್ದದ್ದು ತೋಟದವರು ಕೊಟ್ಟ ಮನೆಯಲ್ಲಿ. ಸ್ವಂತ ಜಾಗ ಅಂತ ಆದದ್ದು ನಮ್ಮಪ್ಪನ ಕಾಲಕ್ಕೆ, ಅದೂ ಕುಶಾಲನಗರದಲ್ಲಿ ಒಂದು ಸೈಟು. ಕಂದಾಯ ಕಟ್ಟದವರ ಹೆಸರು ಎಲ್ಲಿರುತ್ತದೆ?

ಕಿಗ್ಗಟ್ಟುನಾಡು:

ಅದು ಹೌದಕ್ಕಾ, ನಾನು ನಮ್ಮ ಕಡೆಯಿಂದಲೇ ಯೋಚನೆ ಮಾಡಿದೆ. ಕುಟುಂಬದಲ್ಲಿ ಯಾರಾದರೂ ಯುದ್ಧಕ್ಕೆ ಹೋಗಿ ತೀರಿಕೊಂಡಿದ್ದರಾ? ಎರಡು ಮಹಾಯುದ್ಧಗಳಲ್ಲಿ ಸತ್ತವರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಿನಲ್ಲಿದೆ. ಎಷ್ಟೋ ಕಡೆ ಇಂಥವರ ಮಗ, ಇಂಥ ಊರು ಅಂತಲೂ ಬರೆದಿದ್ದಾರೆ.

ಡೊಳ್ಳುಹೊಟ್ಟೆ (ಸೋಮವಾರಪೇಟೆ):

ನಮ್ಮ ವಂಶದ ಹಳೇ ದಾಖಲೆ ಎಲ್ಲ ಹುಡುಕಿದೆ. ಸಿಕ್ಕಿದ್ದು ಸೊಸೈಟಿಯ ಸಾಲದ ಬುಕ್ಕು ಮಾತ್ರ.

ಲೆಕ್ಕದಮನೆ (ಸಿದ್ದಾಪುರ):

ನಾನು 26 ವರ್ಷ ಒಂದು ತೋಟದ ಆಫೀಸಿನಲ್ಲಿ ಲೆಕ್ಕ ಬರೆದವನು. ಕಂದಾಯ ಕಟ್ಟದವರ ಹೆಸರು ಸಂಬಳದ ಪುಸ್ತಕದಲ್ಲಿರುತ್ತದೆ ಮೇಡಂ. ಕೂಲಿಯವರದ್ದು ಚೆಕ್‌ರೋಲ್‌ನಲ್ಲಿ, ದಿನಕ್ಕೊಂದು ಗೀಟು. ರೈಟ್ರು, ಕಂಪೌಂಡರ್ ಇವರೆಲ್ಲ ಸ್ಟಾಫು, ಅವರ ಪುಸ್ತಕ ಬೇರೆ. ಕಷ್ಟ ಏನೆಂದರೆ ಹಳೇ ಪುಸ್ತಕ ಇಡಲಿಕ್ಕೆ ಯಾರಿಗೂ ಮನಸ್ಸಿಲ್ಲ. ತೋಟ ಕೈ ಬದಲಾದಾಗಲೆಲ್ಲ ಒಂದಿಷ್ಟು ಹೋಗುತ್ತದೆ, ಉಳಿದದ್ದಕ್ಕೆ ಮಳೆ ಮತ್ತು ಗೆದ್ದಲು. ನಮ್ಮ ಆಫೀಸಿನಲ್ಲೇ ಒಂದು ಮಳೆಗಾಲ ಅಟ್ಟದ ಮೇಲಿದ್ದ ಪುಸ್ತಕಗಳನ್ನು ಬಾಯ್ಲರ್ ಒಲೆಗೆ ಹಾಕಿದರು. ನಾನೇ ಹೊತ್ತು ತಂದು ಕೊಟ್ಟೆ ಅನ್ನೋದು ಈಗ ನೆನೆಸಿಕೊಂಡರೆ ಒಂದು ರೀತಿ ಆಗುತ್ತದೆ.

ಆದರೂ ಕೇಳಿ ನೋಡಿ. ನಿಮ್ಮ ಅಜ್ಜನೂ ತೋಟದಲ್ಲೇ ಕೆಲಸ ಮಾಡಿದ್ದರೆ ಪಿಎಫ್ ನಾಮಿನೇಷನ್ ಫಾರಂ ಮನೆಯ ಟ್ರಂಕಿನಲ್ಲಿ ಇರಬಹುದು. ಅದರಲ್ಲಿ ತಂದೆ ಹೆಸರು, ಊರು ಬರೆಸುತ್ತಿದ್ದರು. ಎಲ್ಲಕ್ಕಿಂತ ಮೊದಲು ಅಜ್ಜ ಓದಿದ ಶಾಲೆಗೆ ಹೋಗಿ. ದಾಖಲಾತಿ ರಿಜಿಸ್ಟರನ್ನು ಶಾಲೆಯವರು ಬಿಸಾಡುವುದಿಲ್ಲ, ಟಿಸಿ ಕೇಳಿಕೊಂಡು ಯಾರಾದರೂ ಬರುತ್ತಲೇ ಇರುತ್ತಾರಲ್ಲ.

ಘಟ್ಟದ ಕೆಳಗಿನವಳು (ಮಡಿಕೇರಿ, ತವರು ಪುತ್ತೂರು):

ಯಾರೂ ಈ ವಿಷಯ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮದು ಅಳಿಯಕಟ್ಟಿನ ಮನೆತನವಾ? ತುಳು ಮಾತಾಡುವ ಎಲ್ಲರೂ ಹಾಗಲ್ಲ, ಬ್ರಾಹ್ಮಣರು, ಗೌಡರು ಅಪ್ಪನ ಕಡೆಯಿಂದ ಲೆಕ್ಕ ಹಿಡಿಯುತ್ತಾರೆ. ಆದರೆ ಬಂಟರು, ಬಿಲ್ಲವರು ಇಂಥವರಲ್ಲಿ ಕುಟುಂಬ, ಬಳಿ (ಗೋತ್ರದ ಹಾಗೆ) ಎಲ್ಲ ತಾಯಿಯ ಕಡೆಯಿಂದ ಬರುವುದು. ಹಾಗಿದ್ದರೆ ನೀವು ಹುಡುಕುವ ದಾರಿಯೇ ಬೇರೆ.

ಯಾಕೆಂದರೆ ನಿಮ್ಮ ಮುತ್ತಜ್ಜ ಸೇರಿದ್ದು ಅವರ ಅಮ್ಮನ ತರವಾಡು ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ. ಅವರ ಮಕ್ಕಳು, ಅಂದರೆ ನಿಮ್ಮ ಅಜ್ಜ, ಆ ಮನೆಯವರಲ್ಲ. ಅವರು ಮುತ್ತಜ್ಜಿಯ ಕುಟುಂಬದವರು. ಹಾಗಾಗಿ "ಇಂಥವರ ಮರಿಮಗಳು ನಾನು" ಅಂತ ಮುತ್ತಜ್ಜನ ಹೆಸರು ಹಿಡಿದು ಹೋದರೆ ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನೀವು ಹುಡುಕಬೇಕಾದ್ದು ಮುತ್ತಜ್ಜನ ಅಕ್ಕತಂಗಿಯರ ಮಕ್ಕಳ ಕಡೆಯವರನ್ನು. ತರವಾಡು ಮನೆ ಉಳಿದಿದ್ದರೆ ಅದು ಅವರ ಕೈಯಲ್ಲಿರುತ್ತದೆ. ಅಲ್ಲಿ "ನಮ್ಮ ಒಬ್ಬ ಮಾವ ಕೊಡಗಿಗೆ ಹೋಗಿ ವಾಪಸ್ ಬರಲೇ ಇಲ್ಲ" ಅನ್ನೋ ಮಾತು ಯಾರ ಬಾಯಲ್ಲಾದರೂ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲೇ ಅಂಥವರು ಇಬ್ಬರು.

ಈಗ ತುಂಬಾ ಕಡೆ ತರವಾಡು ಮನೆ ಹೊಸದಾಗಿ ಕಟ್ಟಿ ದೈವಕ್ಕೆ ನೇಮ ಕೊಡುತ್ತಿದ್ದಾರೆ. ಆಗ ಆಮಂತ್ರಣದ ಪುಸ್ತಕದಲ್ಲಿ ಕುಟುಂಬದ ಹಿರಿಯರ ಪಟ್ಟಿ ಅಚ್ಚು ಹಾಕಿಸುತ್ತಾರೆ. ಯಾವ ಸರಕಾರಿ ರಿಜಿಸ್ಟರಿಗಿಂತ ಅದು ಜಾಸ್ತಿ ಕೆಲಸಕ್ಕೆ ಬರುತ್ತದೆ. ನಿಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಯಾವ ದೈವಕ್ಕೆ ಇಡುತ್ತೀರಿ ಅಂತ ದೊಡ್ಡವರನ್ನು ಕೇಳಿ, ಅಲ್ಲಿಂದ ಶುರು ಮಾಡಿ.

ಹಳೇ ಮೇಷ್ಟ್ರು:

ಒಳ್ಳೆ ಮಾತು ಹೇಳಿದಿರಿ ತಾಯಿ. ನಾನು ಫಾರಂ ತುಂಬುವಾಗ "ಮನೆಯ ಯಜಮಾನ" ಅಂತ ಒಂದು ಕಾಲಂ ಇತ್ತು. ಕೊಡಗಿಗೆ ಬಂದ ತುಳುವರ ಮನೆಯಲ್ಲಿ ಕೆಲವು ಸಲ ಅಜ್ಜಿಯನ್ನೇ ಬರೆಯಿರಿ ಅನ್ನುತ್ತಿದ್ದರು, ನನಗೆ ಆಗ ಯಾಕೆಂದು ಅರ್ಥವೇ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ. 2027ರ ಜನಗಣತಿಯಲ್ಲಿ ನಮ್ಮ ವಿವರ ನಾವೇ ಆನ್‌ಲೈನ್‌ನಲ್ಲಿ ತುಂಬುವ ಅವಕಾಶ ಇಟ್ಟಿದ್ದಾರೆ. ತುಂಬುವಾಗ ಅದನ್ನೇ ಒಂದು ಹಾಳೆಯಲ್ಲಿ ಬರೆದು ಟ್ರಂಕಿನಲ್ಲಿ ಇಟ್ಟುಬಿಡಿ. ಸರಕಾರದ ಪ್ರತಿ ಹೇಗೂ ನಿಮ್ಮ ಮರಿಮಕ್ಕಳಿಗೆ ಸಿಗುವುದಿಲ್ಲ.

ಕಾಫಿಹೂ:

ಎರಡು ವಾರ ಆಯಿತು, ಏನಾಯಿತು ಅಂತ ಬರೆಯುತ್ತೇನೆ ಅಂದುಕೊಂಡಿದ್ದೆ.

ಲೆಕ್ಕದಮನೆ ಸರ್ ಹೇಳಿದ ಹಾಗೆ ಅಜ್ಜನ ಶಾಲೆಗೆ ಹೋದೆ. ಹೆಡ್‌ಮಾಸ್ಟರು ಒಳ್ಳೆಯವರು, ಬೀರು ತೆಗೆದು ತಾವೇ ಧೂಳು ಒರೆಸಿ ಕೊಟ್ಟರು. 1922ರ ಪುಟದಲ್ಲಿ ಅಜ್ಜ ಸಿಕ್ಕಿದರು! ತಂದೆಯ ಹೆಸರು ಇದೆ, ಉದ್ಯೋಗ "ರೈಟರು", ಹುಟ್ಟಿದ ಊರು ಅನ್ನೋ ಕಡೆ "ಬೆಟ್ಟಂಪಾಡಿ". ಮಸಿ ಸ್ವಲ್ಪ ಹರಡಿದೆ, ಆದರೂ ಓದಬಹುದು. ನಾನು ಮುತ್ತಜ್ಜನ ಊರು ಸಿಕ್ಕಿತು ಅಂತ ಅಲ್ಲೇ ಕುಣಿಯುವುದೊಂದು ಬಾಕಿ. ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದರೆ ಅವರು ನಕ್ಕರು. "ಅಜ್ಜ ಹುಟ್ಟಿದ್ದು ಅವರ ಅಮ್ಮನ ತವರಲ್ಲಿ ಮಾರಾಯ್ತಿ, ಚೊಚ್ಚಲ ಬಾಣಂತನ ಗಂಡನ ಮನೆಯಲ್ಲಿ ಯಾರು ಮಾಡ್ತಾರೆ?" ಅಂದರು. ನಾವು ಅಳಿಯಕಟ್ಟಿನವರೇ ಅಂತಲೂ ಆಗಲೇ ಗೊತ್ತಾಯಿತು.

ಅಂದರೆ ಸಿಕ್ಕಿದ್ದು ಮುತ್ತಜ್ಜಿಯ ಊರು. ಘಟ್ಟದ ಕೆಳಗಿನವಳು ಅಕ್ಕ ಹೇಳಿದ ಲೆಕ್ಕದಲ್ಲಿ ಅಜ್ಜನ ಕುಟುಂಬವೂ ಅದೇ. ಮುತ್ತಜ್ಜನ ಊರು ಇನ್ನೂ ಗೊತ್ತಿಲ್ಲ. ಮುತ್ತಜ್ಜಿಯ ಹೆಸರು ಏನು ಅಂತ ದೊಡ್ಡಮ್ಮನನ್ನು ಕೇಳಿದೆ. ಅವರು ತುಂಬಾ ಹೊತ್ತು ಯೋಚನೆ ಮಾಡಿ "ಎಲ್ಲರೂ ರೈಟ್ರಮ್ಮ ಅಂತಲೇ ಕರೀತಿದ್ದರಂತೆ" ಅಂದರು. ನಾನೂ ಇಲ್ಲಿ ಪ್ರಶ್ನೆ ಕೇಳುವಾಗ ಅವರ ಹೆಸರಿನ ಬಗ್ಗೆ ಒಂದು ಮಾತೂ ಬರೆದಿಲ್ಲ, ಈಗ ಮೇಲೆ ಹೋಗಿ ನೋಡಿದೆ.

ಬರುವ ಭಾನುವಾರ ದೊಡ್ಡಮ್ಮನನ್ನು ಕರಕೊಂಡು ಹೋಗುತ್ತಿದ್ದೇನೆ. ಸಂಪಾಜೆ ದಾರಿಯಲ್ಲಿ ಸುಳ್ಯ ದಾಟಿ ಪುತ್ತೂರಿಗೆ ಹೋಗಿ ಅಲ್ಲಿಂದ ಬೆಟ್ಟಂಪಾಡಿಗೆ ಬೆಳಿಗ್ಗೆ ಬಸ್ ಇರುತ್ತಾ, ಇಲ್ಲ ಆಟೋ ಹಿಡಿಯಬೇಕಾ? ದೊಡ್ಡಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಸುವ ಹಾಗಿಲ್ಲ.