ವರ್ಷಕ್ಕೆರಡು ಶಿಬಿರ ಮಾಡಿದರೆ ಊರಿನ ಆರೋಗ್ಯ ಸುಧಾರಿಸುತ್ತದೆಯೇ?

ಪ್ರಶ್ನೆ: ಟ್ರಸ್ಟ್ ಕಾರ್ಯದರ್ಶಿ, ಮಳವಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಮೂವರು ನಿವೃತ್ತ ಮೇಷ್ಟ್ರು, ಒಬ್ಬರು ಅಕ್ಕಿ ಗಿರಣಿಯವರು ಮತ್ತು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮೂರಿನ ಕೆಲವು ಹುಡುಗರು ಸೇರಿ ಒಂದು ಸಣ್ಣ ಟ್ರಸ್ಟ್ ನಡೆಸುತ್ತಿದ್ದೇವೆ. ಯುಗಾದಿ ಕಳೆದ ಮೇಲೊಂದು, ರಾಜ್ಯೋತ್ಸವದ ಹೊತ್ತಿಗೊಂದು, ಹೀಗೆ ಒಂಬತ್ತು ವರ್ಷಗಳಿಂದ ಉಚಿತ ಆರೋಗ್ಯ ಶಿಬಿರ ಏರ್ಪಡಿಸುತ್ತಾ ಬಂದಿದ್ದೇವೆ. ಮೈಸೂರಿನಿಂದ ವೈದ್ಯರು ಬಂದು ರಕ್ತದೊತ್ತಡ, ಸಕ್ಕರೆ, ಕಣ್ಣು ಪರೀಕ್ಷಿಸಿ, ಹದಿನೈದು ದಿನಕ್ಕಾಗುವಷ್ಟು ಮಾತ್ರೆ ಕೊಟ್ಟು ಹೋಗುತ್ತಾರೆ.

ಈ ಸಲ ನೋಂದಣಿ ಮೇಜಿನಲ್ಲಿ ನಾನೇ ಕುಳಿತಿದ್ದೆ. ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ಎಲೆಅಡಿಕೆ ಚೀಲದಿಂದ ನಾಲ್ಕಾಗಿ ಮಡಿಸಿದ, ಅಂಚಿಗೆ ಸುಣ್ಣ ಮೆತ್ತಿದ ಚೀಟಿಯೊಂದನ್ನು ತೆಗೆದುಕೊಟ್ಟರು. ಹೋದ ವರ್ಷ ನಾವೇ ಕೊಟ್ಟ ಚೀಟಿ ಅದು. ಅದರಲ್ಲಿ 190/110 ಎಂದಿತ್ತು. ಈ ಸಲ ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ನಡುವೆ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದರೆ, "ನೀವು ಕೊಟ್ಟಿದ್ದು ಮುಗೀತಲ್ಲಪ್ಪ, ವಾಸಿ ಆಯ್ತು ಅಂದ್ಕಂಡೆ" ಎಂದರು. ಆ ಮಾತು ಕೇಳಿದಂದಿನಿಂದ ನನಗೆ ಸಮಾಧಾನವಿಲ್ಲ.

ನಮ್ಮ ಕೈಯಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ ರೂಪಾಯಿ ಇರುತ್ತದೆ. ಇ.ಸಿ.ಜಿ.ಯನ್ನೂ ಸೇರಿಸಿ ಶಿಬಿರವನ್ನು ದೊಡ್ಡದು ಮಾಡೋಣ ಎಂದು ಕೆಲವರು, ಸಾಲ ಮಾಡಿಯಾದರೂ ಒಂದು ಆಂಬುಲೆನ್ಸ್ ಕೊಳ್ಳೋಣ ಎಂದು ಕೆಲವರು ಹೇಳುತ್ತಿದ್ದಾರೆ. ಇಷ್ಟು ಹಣದಲ್ಲಿ ಊರಿಗೆ ನಿಜವಾಗಿ ಉಪಯೋಗವಾಗುವಂಥದ್ದು ಏನು ಮಾಡಬಹುದೆಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ಮಂಡ್ಯ

ಕಾರ್ಯದರ್ಶಿಗಳೇ, ಆಂಬುಲೆನ್ಸ್ ವಿಚಾರವನ್ನು ಮೊದಲು ಕೈಬಿಡಿ. 2008ರಿಂದ ನಮ್ಮ ರಾಜ್ಯದಲ್ಲಿ 108 ಓಡಾಡುತ್ತಿದೆ. ನೀವು ಗಾಡಿ ಕೊಂಡರೆ ಚಾಲಕನ ಸಂಬಳ, ವಿಮೆ, ಡೀಸೆಲ್ ಎಂದು ಎರಡನೆಯ ವರ್ಷಕ್ಕೇ ಟ್ರಸ್ಟಿನ ಹಣವೆಲ್ಲ ಅದಕ್ಕೇ ಹೋಗುತ್ತದೆ.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ತಪ್ಪು ಆಕೆಯದಲ್ಲ. ಜ್ವರಕ್ಕೆ ಮಾತ್ರೆ ನುಂಗಿದರೆ ಜ್ವರ ಬಿಡುತ್ತದೆ ಎಂಬುದು ಆಕೆ ಕಂಡ ಲೋಕ, ಬಿ.ಪಿ. ಮಾತ್ರೆಯನ್ನು ಬದುಕಿರುವವರೆಗೂ ನುಂಗಬೇಕಾಗಬಹುದು ಎಂದು ಶಿಬಿರದ ಗದ್ದಲದಲ್ಲಿ ಆಕೆಯ ಪಕ್ಕ ಕುಳಿತು ಹೇಳಿದವರು ಯಾರೂ ಇರಲಿಲ್ಲ. ನಿಮ್ಮ ಭಾಗದ ಉಪಕೇಂದ್ರ, ಅಂದರೆ ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂಬ ಬೋರ್ಡು ಹಾಕಿಕೊಂಡಿರುವ ಕಟ್ಟಡದಲ್ಲಿ, ಮೂವತ್ತು ದಾಟಿದ ಎಲ್ಲರಿಗೂ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಮಾಡಬೇಕೆಂಬ ಕಾರ್ಯಕ್ರಮವಿದೆ, ಅಲ್ಲಿ ಸಮುದಾಯ ಆರೋಗ್ಯಾಧಿಕಾರಿ ಇರುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬರೆದುಕೊಟ್ಟ ಮಾತ್ರೆಗಳು ಅಲ್ಲಿಯೇ ಉಚಿತವಾಗಿ ಸಿಗಬೇಕು. ಹೀಗಿರುವಾಗ ಮಾತ್ರೆ ಕೊಳ್ಳಲು ನೀವು ಹಣ ಸುರಿಯಬೇಕಾಗಿಲ್ಲ. ಶಿಬಿರದಲ್ಲಿ ಸಿಕ್ಕಿದ ಹೆಸರುಗಳನ್ನು ಆಶಾ ಕಾರ್ಯಕರ್ತೆಯ ಪುಸ್ತಕಕ್ಕೆ ಸೇರಿಸಿ, ಅವರು ತಿಂಗಳು ತಿಂಗಳು ಮಾತ್ರೆ ತಂದುಕೊಂಡರೋ ಇಲ್ಲವೋ ಎಂದು ವಿಚಾರಿಸುವ ಕೆಲಸವನ್ನು ನೀವು ವಹಿಸಿಕೊಳ್ಳಿ. ಸಾವಿರ ಜನಕ್ಕೆ ಒಬ್ಬರಂತೆ ಇರುವ ಆಶಾ ಅವರು ಬಾಣಂತಿ, ಮಗು, ಲಸಿಕೆ, ಸಮೀಕ್ಷೆ ಎಂದು ಓಡಾಡುವುದರ ನಡುವೆ ಪ್ರತಿ ಮನೆಗೂ ಇದೊಂದಕ್ಕೇ ಹೋಗಲು ಆಗುವುದಿಲ್ಲ.

ಸ್ಥಳ ಮತ್ತು ಹೊತ್ತಿನ ಬಗ್ಗೆ ಒಂದು ಮಾತು. ಬೆಳಿಗ್ಗೆ ಹತ್ತು ಗಂಟೆಗೆ ಶಾಮಿಯಾನ ಹಾಕಿದರೆ ಕಬ್ಬು ಕಡಿಯಲು, ನಾಟಿಗೆ ಹೋದವರು ಬರುವುದಿಲ್ಲ. ಬರುವವರು ಬಿಡುವಿದ್ದವರು ಮಾತ್ರ. ನಮ್ಮ ಜಿಲ್ಲೆಯಲ್ಲಿ ಊರಿನವರು ದಿನಕ್ಕೆರಡು ಸಲ ತಪ್ಪದೆ ಬರುವ ಜಾಗವೆಂದರೆ ಹಾಲಿನ ಡೈರಿ. ನಾನು ಕೆಲಸದಲ್ಲಿದ್ದಾಗ ಸಂಜೆಯ ಹೊತ್ತು ಡೈರಿಯ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಹಾಲು ಅಳೆಸಿ ಖಾಲಿ ಕ್ಯಾನು ಹಿಡಿದುಕೊಂಡು ಬರುವವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಆಮೇಲೆ ತೋಳಿಗೆ ಪಟ್ಟಿ ಕಟ್ಟುತ್ತಿದ್ದೆ. ಬಂದವರಿಗೆ ಬಂದ ಹಾಗೆಯೇ ಕಟ್ಟಿದರೆ, ಅಥವಾ ಬಾಯಲ್ಲಿ ಹೊಗೆಸೊಪ್ಪು ಇರುವಾಗಲೇ ಕಟ್ಟಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 140/90 ದಾಟಿತೆಂದು ಒಂದೇ ಸಲಕ್ಕೆ ಕಾಯಿಲೆಯ ಹಣೆಪಟ್ಟಿ ಹಚ್ಚಬಾರದು, ಬೇರೆ ದಿನ ಮತ್ತೆ ನೋಡಬೇಕು. ಅಜ್ಜಿಯಷ್ಟು ಏರಿದ್ದರೆ ಮಾತ್ರ ಕಾಯದೆ ಅಂದೇ ವೈದ್ಯರ ಬಳಿ ಕಳಿಸಬೇಕು.

ಇನ್ನು ಉಪ್ಪು. ಮಂಡ್ಯದವರಿಗೆ ಉಪ್ಸಾರು ಬಿಡಿ ಎಂದು ಹೇಳಿದರೆ ನಿಮ್ಮನ್ನೇ ಬಿಟ್ಟುಬಿಡುತ್ತಾರೆ! ಸಾರಿಗೆ ಹಾಕುವ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಜೊತೆಗೆ ನೆಂಚಿಕೊಳ್ಳುವ ಉಪ್ಪಿನಕಾಯಿ, ಹಪ್ಪಳವನ್ನು ಕಡಿಮೆ ಮಾಡಿ ಎಂದರೆ ಕೇಳುತ್ತಾರೆ.

ಉತ್ತರ 2: ಸ್ವಯಂಸೇವಕ, ಕುವೆಂಪುನಗರ, ಮೈಸೂರು

ಮೇಡಂ ಅವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಹಿಂದಿನ ಒಂದು ಉದಾಹರಣೆಯನ್ನೂ ಸೇರಿಸುತ್ತೇನೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದರು. ಅವರು ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರು, ಕಾಡುಕುರುಬರ ನಡುವೆ ಹೋಗಿ ನೆಲೆಸಿದರು. ಮುಂದೆ ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳಾದವು, ಹೊಸಹಳ್ಳಿಯಲ್ಲಿ ಮಕ್ಕಳಿಗೆ ಶಾಲೆಯೂ ಆಯಿತು. ಔಷಧಿ ಕೊಡಲು ಹೋದವರು ಶಾಲೆಯನ್ನೇಕೆ ಕಟ್ಟಿದರು ಎಂಬುದನ್ನು ನಿಮ್ಮ ಟ್ರಸ್ಟಿನ ಸಭೆಯಲ್ಲಿ ಒಮ್ಮೆ ಚರ್ಚಿಸಿ ಎಂದು ನನ್ನ ಸಲಹೆ. ಅಷ್ಟು ದೊಡ್ಡದು ನಮ್ಮಂಥವರಿಂದ ಆಗದಿದ್ದರೂ, ಊರಿನಲ್ಲಿ ಕಾಲೂರಿ ನಿಂತರೆ ಮಾತ್ರ ಕೆಲಸವಾಗುತ್ತದೆ ಎಂಬುದು ಸಣ್ಣ ಟ್ರಸ್ಟಿಗೂ ಅನ್ವಯಿಸುತ್ತದೆ.

ನಮ್ಮ ಬಡಾವಣೆಯ ಗುಂಪು ಮಾಡುತ್ತಿರುವುದು ಬಹಳ ಸಾಧಾರಣ ಕೆಲಸ. ಪಾರ್ಶ್ವವಾಯು ಹೊಡೆದೋ, ಸೊಂಟದ ಮೂಳೆ ಮುರಿದೋ ಹಾಸಿಗೆ ಹಿಡಿದವರ ಮನೆಗೆ ಗಾಲಿಕುರ್ಚಿ, ವಾಕರ್, ಕಮೋಡ್ ಕುರ್ಚಿ, ಗಾಳಿ ಹಾಸಿಗೆಗಳನ್ನು ಎರವಲು ಕೊಡುತ್ತೇವೆ. ಸಣ್ಣದೊಂದು ಠೇವಣಿ ಇಟ್ಟುಕೊಂಡು, ವಸ್ತು ವಾಪಸಾದ ದಿನ ಹಿಂತಿರುಗಿಸುತ್ತೇವೆ. ಆರಂಭದಲ್ಲಿ ನಾವೂ ಎಡವಿದೆವು: ದಾನಿಗಳೊಬ್ಬರ ಉತ್ಸಾಹಕ್ಕೆ ಮಣಿದು ನಾಲ್ಕು ಆಸ್ಪತ್ರೆ ಮಂಚಗಳನ್ನು ಕೊಂಡೆವು, ಅವುಗಳ ಹೊಣೆ ಯಾರದೆಂದು ಗೊತ್ತುಮಾಡಲಿಲ್ಲ, ಸಮುದಾಯ ಭವನದ ಹಿಂಭಾಗದಲ್ಲಿ ಎರಡು ಮಳೆಗಾಲ ನೆನೆದು ತುಕ್ಕು ಹಿಡಿದವು. ಈಗ ಒಬ್ಬರ ಮನೆಯ ಗ್ಯಾರೇಜು, ಒಂದು ದಾಖಲೆ ಪುಸ್ತಕ, ಒಂದು ಬೀಗ ಇವೆ.

ವಸ್ತು ಕೊಡುವುದಕ್ಕಿಂತ ಕೊಡಲು ಹೋದಾಗ ಕಾಣುವುದೇ ಹೆಚ್ಚು. ಒಂದು ಮನೆಯಲ್ಲಿ ಯಜಮಾನರ ಬೆನ್ನಿನ ಕೆಳಭಾಗ ಅಂಗೈಯಗಲ ಕೆಂಪಾಗಿತ್ತು, ಹೆಂಡತಿ ಅದಕ್ಕೆ ಪೌಡರು ಹಾಕುತ್ತಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಅದೇ ಹುಣ್ಣಾಗುತ್ತದೆ ಎಂದು ನಮ್ಮ ಜೊತೆ ಬಂದ ನರ್ಸ್ ಹಾಸಿಗೆಯ ಬಟ್ಟೆಯನ್ನೇ ಹಿಡಿದು ಎಳೆದು ತೋರಿಸಿಕೊಟ್ಟರು. ಆಗ ಆ ತಾಯಿ, ತಾವು ಎಷ್ಟೋ ತಿಂಗಳಿಂದ ನೆಂಟರ ಮನೆಗಿರಲಿ, ಪಕ್ಕದ ದೇವಸ್ಥಾನಕ್ಕೂ ಹೋಗಿಲ್ಲವೆಂದರು. ವಾರಕ್ಕೊಂದು ದಿನ ಎರಡು ಗಂಟೆ ರೋಗಿಯ ಪಕ್ಕ ಕೂರಲು ನಮ್ಮಲ್ಲಿ ಇಬ್ಬರು ಒಪ್ಪಿಕೊಂಡರು. ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಉತ್ತರ 3: ಪಾಂಡವಪುರದ ಓದುಗ

ಕ್ಷಯ ರೋಗಿಗಳ ವಿಚಾರವನ್ನು ಯಾರೂ ಎತ್ತಲಿಲ್ಲ. ನಿಕ್ಷಯ್ ಮಿತ್ರ ಎಂಬ ಯೋಜನೆ 2022ರಲ್ಲಿ ಬಂದಿದೆ; ಟ್ರಸ್ಟ್ ಆಗಲಿ ವ್ಯಕ್ತಿಯಾಗಲಿ ಹೆಸರು ನೋಂದಾಯಿಸಿ, ಒಪ್ಪಿಗೆ ಕೊಟ್ಟ ರೋಗಿಗಳಿಗೆ ತಿಂಗಳ ಆಹಾರದ ಪೊಟ್ಟಣ ಒದಗಿಸಬಹುದು. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಸರ್ಕಾರವು ರೋಗಿಯ ಖಾತೆಗೆ ಪೋಷಣೆಗೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು, 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿದೆ. ದುಡಿಯುವವನೇ ಮಲಗಿದ ಮನೆಗೆ ಅದು ಸಾಲದು. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೂ ಆಹಾರ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇಕಡ 39ರಷ್ಟು ಕಡಿಮೆಯಾಯಿತು. ಬೇಳೆ, ಕಡಲೆಕಾಯಿ, ಎಣ್ಣೆ, ಹಾಲಿನ ಪುಡಿ ಕೊಡುವುದು ನಿಮ್ಮ ಅಕ್ಕಿ ಗಿರಣಿಯವರಿಗೆ ಕಷ್ಟವಾಗಲಾರದು.

ಆದರೆ ದಯವಿಟ್ಟು ಫ್ಲೆಕ್ಸ್ ಹಾಕಿಸಬೇಡಿ. ನಾನಿದ್ದ ಒಂದು ಸಂಘದಲ್ಲಿ ಪೊಟ್ಟಣ ಕೊಡುವಾಗ ತೆಗೆದ ಫೋಟೋವನ್ನು ದೊಡ್ಡದು ಮಾಡಿಸಿ ಬಸ್ ನಿಲ್ದಾಣದಲ್ಲಿ ಕಟ್ಟಿದರು. ಅದರಲ್ಲಿದ್ದ ರೋಗಿಯ ಮಗಳಿಗೆ ಆಗ ಗಂಡು ನೋಡುತ್ತಿದ್ದರು. ಮರುತಿಂಗಳಿನಿಂದ ಆತ ಪೊಟ್ಟಣಕ್ಕೂ ಬರಲಿಲ್ಲ, ಮಾತ್ರೆಗೂ ಬರಲಿಲ್ಲ. ಕ್ಷೇತ್ರ ಸಿಬ್ಬಂದಿ ಮೂರು ಸಲ ಮನೆಗೆ ಹೋಗಿ ಒಪ್ಪಿಸಬೇಕಾಯಿತು. ಮಧ್ಯದಲ್ಲಿ ಮಾತ್ರೆ ನಿಲ್ಲಿಸಿದರೆ ಔಷಧಿಗೆ ಬಗ್ಗದ ಕ್ಷಯವಾಗುವ ಅಪಾಯವಿದೆ ಎಂಬುದು ಫೋಟೋ ತೆಗೆದವರಿಗೂ ಗೊತ್ತಿತ್ತು.

ಉತ್ತರ 4: ಮದ್ದೂರು

ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸ. ಉಪಕೇಂದ್ರದಲ್ಲಿ ಮಾತ್ರೆ ಸಿಗಬೇಕು ಎನ್ನುತ್ತೀರಿ. ಹೋದ ದಿನ ಬಾಗಿಲು ಹಾಕಿದ್ದರೆ ಟ್ರಸ್ಟಿನವರು ಏನು ಮಾಡುತ್ತಾರೆ?

ಉತ್ತರ 5: ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ಮಂಡ್ಯ

ಒಳ್ಳೆಯ ಪ್ರಶ್ನೆ, ಸರ್. ಬಾಗಿಲು ಹಾಕಿತ್ತೆಂದು ಒಬ್ಬ ಅಜ್ಜಿ ಗೊಣಗಿದರೆ ಯಾರ ಕಿವಿಗೂ ಬೀಳುವುದಿಲ್ಲ. ಇಂಥ ಇಂಥ ದಿನ ಇಷ್ಟು ಜನ ಮಾತ್ರೆಯಿಲ್ಲದೆ ವಾಪಸು ಬಂದರೆಂದು ದಿನಾಂಕ ಸಮೇತ ಬರೆದ ಪುಸ್ತಕವನ್ನು ಟ್ರಸ್ಟಿನವರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಮೇಜಿನ ಮೇಲಿಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ. ನಾನು ಆ ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತವಳು, ಆದ್ದರಿಂದ ಹೇಳುತ್ತಿದ್ದೇನೆ.

ಮನಸ್ಸಿನ ವಿಚಾರವೂ ಇದೆ. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿಗಳನ್ನು ನಾವೆಲ್ಲ ಓದಿದವರೇ. ಸಾಲ, ಕುಡಿತ, ನಿದ್ದೆಯಿಲ್ಲದಿರುವುದು, ಇವನ್ನು ಶಿಬಿರದ ಸಾಲಿನಲ್ಲಿ ನಿಂತು ಯಾರೂ ಹೇಳಿಕೊಳ್ಳುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಡೈರಿಯ ಗೋಡೆಯ ಮೇಲೆ ಅದನ್ನು ಬಣ್ಣದಲ್ಲಿ ಬರೆಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಸಭೆ ಸೇರಿ ಆಂಬುಲೆನ್ಸ್ ಮತ್ತು ಇ.ಸಿ.ಜಿ. ಎರಡನ್ನೂ ಕೈಬಿಟ್ಟೆವು. ರಾಜ್ಯೋತ್ಸವದ ಶಿಬಿರವನ್ನು ಮಾತ್ರ ಉಳಿಸಿಕೊಳ್ಳುತ್ತೇವೆ, ಅದೂ ಗಿರಣಿಯವರು ಬಹಳ ಬೇಸರ ಮಾಡಿಕೊಂಡಿದ್ದರಿಂದ. ಡೈರಿಯ ಕಾರ್ಯದರ್ಶಿಗಳು ತಿಂಗಳ ಮೊದಲ ಮತ್ತು ಮೂರನೆಯ ಮಂಗಳವಾರ ಸಂಜೆ ಜಗಲಿ ಬಿಟ್ಟುಕೊಡಲು ಒಪ್ಪಿದ್ದಾರೆ. ಅಜ್ಜಿಯನ್ನು ಆಶಾ ಅವರ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆವು. ಈಗ ದಿನವೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಮಾತ್ರೆಯ ಹಾಳೆಯನ್ನು ಅದೇ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.

ಮೇಡಂ, ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಕೊಳ್ಳುವಾಗ ದಪ್ಪ ತೋಳಿನವರಿಗೆ ಬೇರೆ ಪಟ್ಟಿ ಬೇಕಾಗುತ್ತದೆಯೇ ಎಂಬುದೊಂದನ್ನು ತಿಳಿಸಿದರೆ ಈ ವಾರವೇ ತರಿಸುತ್ತೇವೆ.

ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ಮಂಡ್ಯ

ಬೇಕು. ತೋಳಿಗಿಂತ ಪಟ್ಟಿ ಚಿಕ್ಕದಾದರೆ ಇಲ್ಲದ ಬಿ.ಪಿ.ಯನ್ನು ತೋರಿಸುತ್ತದೆ. ಎರಡು ಅಳತೆಯ ಪಟ್ಟಿಗಳನ್ನೂ ಜೊತೆಗೊಂದು ಜೋಡಿ ಹೆಚ್ಚುವರಿ ಬ್ಯಾಟರಿಗಳನ್ನೂ ತರಿಸಿ. ಸಂಜೆ ಡೈರಿಯ ಹೊತ್ತಿಗೇ ಕರೆಂಟು ಹೋಗುವುದು ನಮ್ಮ ಕಡೆ ಹೊಸದೇನಲ್ಲ.