ದೆಹಲಿಯಲ್ಲಿ ಮೂರು ದಿನ: ಯಾವ ದಿನ ಯಾವುದನ್ನು ನೋಡಬೇಕು?

ಪ್ರಶ್ನೆ: ಡಿಸೆಂಬರ್ ಕೊನೆಗೆ ಶನಿವಾರದಿಂದ ಸೋಮವಾರದವರೆಗೆ ದೆಹಲಿಯಲ್ಲಿರುತ್ತೇವೆ. ಜೊತೆಗೆ ಹತ್ತು ವರ್ಷದ ಮಗಳು, ಮಂಡಿನೋವಿರುವ ಅಪ್ಪ. ಕೆಂಪುಕೋಟೆ, ಹುಮಾಯೂನ್ ಸಮಾಧಿ, ಕುತುಬ್ ಆದ ಮೇಲೆ ಸೋಮವಾರ ನ್ಯಾಷನಲ್ ಮ್ಯೂಸಿಯಂ ಅಂದುಕೊಂಡಿದ್ದೇವೆ. ಸರಿಯೇ?

ಮಾರ್ಗದರ್ಶಿ: ಸೋಮವಾರ ಮ್ಯೂಸಿಯಂಗೆ ರಜೆ, ಕೆಂಪುಕೋಟೆಗೂ ರಜೆ. ಕುತುಬ್ ಮತ್ತು ಹುಮಾಯೂನ್ ಸಮಾಧಿ ಎಲ್ಲ ದಿನವೂ ತೆರೆದಿರುತ್ತವೆ, ಅವುಗಳಲ್ಲೊಂದನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಾದರೆ ಬೆಳಿಗ್ಗೆ ಬಯಲು, ಮಧ್ಯಾಹ್ನ ಮ್ಯೂಸಿಯಂ. ಡಿಸೆಂಬರ್‌ನಲ್ಲಿ ಅದು ತಿರುಗುಮುರುಗು. ದಟ್ಟ ಮಂಜು ಬಿದ್ದರೆ ಮಿನಾರಿನ ತುದಿಯೇ ಕಾಣದು. ಬೆಳಿಗ್ಗೆ ಹತ್ತಕ್ಕೆ ಮ್ಯೂಸಿಯಂ ಹೊಕ್ಕು, ಬಿಸಿಲು ಬಂದ ಮೇಲೆ ಹೊರಗೆ ಸುತ್ತಿ.

ಒಳಗೆ ಎಲ್ಲ ಗ್ಯಾಲರಿ ಮುಗಿಸುವ ಹಟ ಬೇಡ. ನೆಲಮಹಡಿಯ ಹರಪ್ಪ ಗ್ಯಾಲರಿಗೆ ಒಂದು ಗಂಟೆ ಕೊಡಿ. ಮೊಹೆಂಜೊದಾರೊದ ಕಂಚಿನ ನರ್ತಕಿಯ ಎತ್ತರ ಸುಮಾರು 10.5 ಸೆಂ.ಮೀ. ಅಷ್ಟೇ. ದೊಡ್ಡ ವಿಗ್ರಹ ಹುಡುಕುವವರು ಅದನ್ನು ದಾಟಿಯೇ ಹೋಗುತ್ತಾರೆ. ಎಡತೋಳಿನ ತುಂಬ ಬಳೆ, ಸೊಂಟದ ಮೇಲಿಟ್ಟ ಬಲಗೈಗೆ ನಾಲ್ಕೇ. ಮಗಳಿಗೆ ಎಣಿಸಲು ಹೇಳಿ.

ಹುಮಾಯೂನ್ ಸಮಾಧಿಯ ಜಗಲಿಗೆ ಹತ್ತುವ ಮೆಟ್ಟಿಲು ಕಡಿದು. ಅಪ್ಪ ಕೆಳಗಿನ ತೋಟದಲ್ಲೇ ಕೂತು ನೋಡುವುದು ಒಳ್ಳೆಯದು. ಕುತುಬ್ ಆವರಣ ಹೆಚ್ಚುಕಡಿಮೆ ಸಮತಟ್ಟು.

ಪ್ರಶ್ನೆ: ಮಿನಾರ್ ಒಳಗೆ ಹತ್ತಬಹುದೇ? ಅದು ಬಿಟ್ಟರೆ ಅಲ್ಲಿ ಏನು ನೋಡುವುದು?

ಮಾರ್ಗದರ್ಶಿ: ಇಲ್ಲ, 1981ರ ನೂಕುನುಗ್ಗಲಿನ ದುರಂತದ ನಂತರ ಒಳಮೆಟ್ಟಿಲು ಮುಚ್ಚಿದೆ. ಆದರೆ ಕಬ್ಬಿಣದ ಕಂಬದ ಹಿಂದಿರುವ ಎತ್ತರದ ಕಮಾನನ್ನು ಬಿಡಬೇಡಿ. 1199ರ ಕೆಲಸ ಅದು. ಕಲ್ಲಿನ ಸಾಲುಗಳನ್ನು ಗಮನಿಸಿ. ಎಲ್ಲವೂ ಅಡ್ಡಡ್ಡ ಮಲಗಿವೆ, ಒಂದೊಂದು ವರಸೆಯೂ ಕೆಳಗಿನದಕ್ಕಿಂತ ತುಸು ಮುಂದೆ ಚಾಚಿದೆ. ನಮ್ಮ ಹೊಯ್ಸಳ ಗುಡಿಗಳ ಭುವನೇಶ್ವರಿ (ಗುಮ್ಮಟದಂಥ ಒಳಚಾವಣಿ) ನಿಂತಿರುವುದೂ ಇದೇ ಉಪಾಯದಲ್ಲಿ. ರೂಪ ಹೊಸದು, ಸ್ಥಳೀಯ ಶಿಲ್ಪಿಗಳಿಗೆ ಗೊತ್ತಿದ್ದ ವಿದ್ಯೆ ಹಳೆಯದು. ಅಲ್ಲಿಂದ ಅಲಾಯಿ ದರ್ವಾಜಾಕ್ಕೆ (1311) ಬನ್ನಿ. ಅಲ್ಲಿ ಕಲ್ಲುಗಳು ಬೆಣೆಯಾಕಾರದಲ್ಲಿ ಬೀಸಣಿಗೆಯಂತೆ ಹರಡಿ ಒಂದನ್ನೊಂದು ಒತ್ತಿ ಹಿಡಿದಿವೆ. ಆ ಒತ್ತಡ ಪಕ್ಕಕ್ಕೆ ತಳ್ಳುವುದರಿಂದಲೇ ಗೋಡೆ ಅಷ್ಟು ದಪ್ಪ. ದೆಹಲಿಯ ಒಂದು ಶತಮಾನದ ಕಲಿಕೆ ಈ ಎರಡು ಕಮಾನುಗಳ ನಡುವೆ ಇದೆ. ಮಿನಾರ್ ಮುಂದೆ ಸೆಲ್ಫಿ ತೆಗೆದು ಹೊರಟರೆ ಅದು ತಪ್ಪಿಹೋಗುತ್ತದೆ.

ಈ ಎರಡು ಕಮಾನುಗಳ ನಡುವಿನ ಕೊಂಡಿ ಸುಲ್ತಾನ ಬಲ್ಬನನ ಗೋರಿ, ಸುಮಾರು 1287ರದ್ದು. ಅದು ಪಕ್ಕದ ಮೆಹ್ರೌಲಿ ಪುರಾತತ್ವ ಉದ್ಯಾನದಲ್ಲಿದೆ, ಟಿಕೆಟ್ ಇಲ್ಲ. ದಾರಿ ಏರುಪೇರು, ಅಪ್ಪನಿಗೆ ಬೇಡ. ಮೆಟ್ರೊ ಹಳದಿ ಮಾರ್ಗದಲ್ಲಿ ಕುತುಬ್ ಮಿನಾರ್ ನಿಲ್ದಾಣದಲ್ಲಿಳಿದು ಆಟೊ ಹಿಡಿಯಿರಿ. ಹೆಸರು ಒಂದೇ ಆದರೂ ನಿಲ್ದಾಣ ಬಾಗಿಲಲ್ಲೇ ಇಲ್ಲ.

ಪ್ರಶ್ನೆ: ಅಶೋಕನ ಶಾಸನ ದೆಹಲಿಯಲ್ಲೂ ಇದೆಯಂತೆ?

ಮಾರ್ಗದರ್ಶಿ: ಇದೆ. ಫಿರೋಜ್ ಶಾ ಕೋಟ್ಲಾದ ಕಂಬ ಟೋಪ್ರಾದಿಂದ ಹೊತ್ತು ತಂದದ್ದು. ಗುರುವಾರ ಅಲ್ಲಿ ಹರಕೆಯವರ ಜನಸಂದಣಿ, ಬೇರೆ ದಿನ ಹೋಗಿ. ಆದರೆ ಕನ್ನಡಿಗರು ನೋಡಲೇಬೇಕಾದದ್ದು ಬಹಾಪುರದ ಬಂಡೆ. 1966ರಲ್ಲಿ ಬೆಳಕಿಗೆ ಬಂದ ಈ ಕಿರು ಶಾಸನದ ಒಕ್ಕಣೆಯೇ ತುಸು ವ್ಯತ್ಯಾಸದೊಂದಿಗೆ ಮಸ್ಕಿ, ಬ್ರಹ್ಮಗಿರಿಗಳಲ್ಲೂ ಇದೆ: ಪ್ರಯತ್ನಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಸ್ವರ್ಗ ಪಡೆಯಬಹುದು. ಈಸ್ಟ್ ಆಫ್ ಕೈಲಾಶ್‌ನ ಇಸ್ಕಾನ್ ದೇವಸ್ಥಾನದ ಹತ್ತಿರದ ಉದ್ಯಾನದಲ್ಲಿ, ಚಾವಣಿಯ ಕೆಳಗಿದೆ. ಅಕ್ಷರ ಸವೆದಿವೆ. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ಗೀರುಗಳು ಎದ್ದು ಕಾಣುತ್ತವೆ.